ಮುಂಬೈಗೆ ಹೋಗದ ಕವಿ ನಮಗ್ಯಾಕೆ ಬೇಕು ಹೇಳಿ!

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಪರಿಚಯದ ಕನ್ನಡದ ಓದುಗರೊಬ್ಬರನ್ನ ಹಿಡಿದು, ಐದು ಜನ ಉರ್ದು ಕವಿಗಳ ಹೆಸರು ಹೇಳಿ ಅನ್ನಿ. ಗಾಲಿಬ್, ಸಾಹಿರ್, ಕೈಫಿ, ಗುಲ್ಜಾರ್, ಜಾವೇದ್ ಅಖ್ತರ್... ಪಟಪಟ ಅಂತ ಬಂದುಬಿಡುತ್ತೆ. ಈಗ ಎರಡನೇ ಪ್ರಶ್ನೆ ಹಾಕಿ. ಕರ್ನಾಟಕದಲ್ಲೇ ಹುಟ್ಟಿ, ಇಲ್ಲೇ ನೌಕರಿ ಮಾಡಿ, ಇಲ್ಲೇ ಸಂಸಾರ ಮಾಡಿ, ಇಲ್ಲಿನ ಜನರ ಮಾತಲ್ಲೇ ಬರೆದ ಒಬ್ಬೇ ಒಬ್ಬ ಉರ್ದು ಕವಿಯ ಹೆಸರು ಹೇಳಿ. ಅಲ್ಲಿಗೆ ಪರೀಕ್ಷೆ ಮುಗೀತು. ಸರ್ವರ್ ಡೌನ್ :-)

ಮೊದಲನೇ ಪಟ್ಟಿಯನ್ನ ಇನ್ನೊಮ್ಮೆ ನೋಡಿ. ಅದರಲ್ಲಿರೋ ಒಬ್ಬೊಬ್ಬರೂ ನಮ್ಮ ಮನೆಗೆ ಬಂದಿದ್ದು ಸಿನಿಮಾದ್ದೋ ಟೀವಿಯದ್ದೋ ಟಿಕೆಟ್ ಹಿಡಿದುಕೊಂಡೇ. 1869ರಲ್ಲಿ ತೀರಿಹೋದ ಗಾಲಿಬ್ ಕೂಡ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬಂದಿದ್ದು 1988ರಲ್ಲಿ ಗುಲ್ಜಾರ್ ದೂರದರ್ಶನಕ್ಕೆ ಧಾರಾವಾಹಿ ಮಾಡಿದಾಗಲೇ. ಪರಿಸ್ಥಿತಿ ಹೀಗಿರುವಾಗ, ಗುಲ್ಬರ್ಗದ ನೀರು ಸರಬರಾಜು ಇಲಾಖೆಯಲ್ಲಿ ಸಂಬಳಕ್ಕೆ ದುಡಿಯುತ್ತಾ, ಆಳಂದ ಅಫಜಲಪುರ ಜೇವರ್ಗಿಯ ಸಂತೆಗಳಲ್ಲಿ ಕಿವಿಗೆ ಬೀಳುವ ಮಾತಿನಲ್ಲೇ ಪದ್ಯ ಕಟ್ಟಿದ ಸುಲೇಮಾನ್ ಖತೀಬ್ ಅನ್ನೋ ಮನುಷ್ಯನಿಗೆ ಯಾರು ಟಿಕೆಟ್ ಕೊಡ್ತಾರೆ?

ಈ ಪೋಸ್ಟಿನ ತಕರಾರು ಇಷ್ಟೇ. ಮುಂಬೈ ಹಾದು ಬಂದ ಉರ್ದು ನಮಗೆ ಕಾವ್ಯ. ನಮ್ಮ ಊರಲ್ಲೇ ಬೆಳೆದ ಉರ್ದು ನಮಗೆ ಒಂದೋ ಜೋಕು, ಇಲ್ಲಾ ಗಲಾಟೆ. ಇದರಿಂದ ಉರ್ದುವಿಗೆ ಎಷ್ಟು ನಷ್ಟವೋ ಗೊತ್ತಿಲ್ಲ, ಕನ್ನಡಕ್ಕಂತೂ ದೊಡ್ಡ ನಷ್ಟ.

ಮುಂಬೈ ಕವಿಗಳ ಮೇಲೆ ನನಗೇನೂ ಸಿಟ್ಟಿಲ್ಲ, ಮೊದಲೇ ಹೇಳಿಬಿಡ್ತೀನಿ. ಕೈಫಿ ಆಜ್ಮಿಯವರನ್ನೇ ತಗೊಳ್ಳಿ. 1919ರಲ್ಲಿ ಆಜಂಗಢ ಜಿಲ್ಲೆಯ ಮಿಜ್ವಾಂ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿ ಮುಂಬೈಗೆ ಬಂದರು. ಹೈದರಾಬಾದಿನ ಹುಡುಗಿ ಶೌಕತ್ ಅವರನ್ನ 1947ರಲ್ಲಿ ಮದುವೆಯಾದರು. ಹೊಟ್ಟೆಪಾಡಿಗೆ ಸಿನಿಮಾ ಹಾಡು ಬರೆದರು. ಆಮೇಲೆ 1970ರಲ್ಲಿ 'ಹೀರ್ ರಾಂಝಾ' ಚಿತ್ರದ ಸಂಭಾಷಣೆಯನ್ನ ಪೂರ್ತಿ ಪದ್ಯದಲ್ಲೇ ಬರೆದರು. 1973ರಲ್ಲಿ 'ಗರಂ ಹವಾ'. ಶಮಾ ಜೈದಿ ಜೊತೆ ಸೇರಿ ಚಿತ್ರಕಥೆ, ಸಂಭಾಷಣೆ ಇವರದೇ. ದೇಶ ಒಡೆದ ಮೇಲೆ ಆಗ್ರಾದ ಒಬ್ಬ ಮುಸಲ್ಮಾನ ಚಪ್ಪಲಿ ವ್ಯಾಪಾರಿ ಇಲ್ಲೇ ಇರಬೇಕಾ, ಗಡಿ ದಾಟಬೇಕಾ ಅನ್ನೋ ಕಥೆ. ನಿರ್ದೇಶಕ ಯಾರು? ನಮ್ಮ ಮೈಸೂರಿನ ಎಂ.ಎಸ್. ಸತ್ಯು! ಅದೇ ಸತ್ಯು ಆಮೇಲೆ 'ಕನ್ನೇಶ್ವರ ರಾಮ', 'ಬರ' ಮಾಡಿದ್ದು. ಕೈಫಿಗೆ 1975ರಲ್ಲಿ 'ಆವಾರಾ ಸಜ್ದೇ' ಕವನ ಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಾರ್ಶ್ವವಾಯು ಹೊಡೆದಿದ್ದರೂ ಕೊನೆಗಾಲದಲ್ಲಿ ತಮ್ಮ ಹಳ್ಳಿಗೆ ಹೋಗಿ ರಸ್ತೆ, ಶಾಲೆ ಅಂತ ಓಡಾಡಿದರು. 2002ರಲ್ಲಿ ತೀರಿಕೊಂಡರು. ದೊಡ್ಡ ಬದುಕು, ಮಾತೇ ಇಲ್ಲ.

ಇನ್ನೊಬ್ಬರು ಅಖ್ತರುಲ್ ಈಮಾನ್. 'ಯಾದೇಂ' ಸಂಕಲನಕ್ಕೆ 1962ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವಿ. ಇವರ ಅನ್ನದ ದಾರಿ ಸಿನಿಮಾ ಸಂಭಾಷಣೆ. 1960ರ 'ಕಾನೂನ್'ನಲ್ಲಿ ಒಂದೇ ಒಂದು ಹಾಡಿಲ್ಲ. ಆ ಚಿತ್ರದ ಮಾತುಗಳನ್ನ ಬರೆದಿದ್ದು ಒಬ್ಬ ಕವಿ ಅನ್ನೋದು ತಮಾಷೆ ಅಲ್ವಾ? 1965ರ 'ವಕ್ತ್' ಮಾತುಗಳೂ ಅವರದೇ.

ಇವರಿಬ್ಬರೂ ಹಿಂದಿ ಸಿನಿಮಾಕ್ಕೆ ಕೊಟ್ಟಿದ್ದು ಏನು ಅಂತ ಯೋಚನೆ ಮಾಡಿದರೆ ಉತ್ತರ ಹಾಡಲ್ಲ, ಮಾತು. ಪಾತ್ರದ ಬಾಯಲ್ಲಿ ಆ ಪಾತ್ರದ್ದೇ ಮಾತು ಇಡೋ ಕಲೆ. ಈಗ ಖತೀಬರ ಕಡೆ ಬನ್ನಿ. ಅವರ ಹತ್ತಿರ ಇದ್ದಿದ್ದು ಸರಿಯಾಗಿ ಅದೇ ಕಲೆ. ಇಲ್ಲದೇ ಇದ್ದಿದ್ದು ಮುಂಬೈ ವಿಳಾಸ ಮಾತ್ರ.

ಸುಲೇಮಾನ್ ಖತೀಬ್ ಹುಟ್ಟಿದ್ದು 1922ರಲ್ಲಿ, ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ. ಬದುಕಿದ್ದು ಗುಲ್ಬರ್ಗದಲ್ಲಿ. ತೀರಿಕೊಂಡಿದ್ದು 1978ರಲ್ಲಿ. ಬರೆದಿದ್ದು ದಖನಿಯಲ್ಲಿ. ಸಂಕಲನದ ಹೆಸರು 'ಕೇವಡೇ ಕಾ ಬನ್'. ಕನ್ನಡದಲ್ಲಿ ಹೇಳಬೇಕಂದ್ರೆ ಕೇದಗೆ ಬನ. ನೋಡಿ, 'ಬನ' ಅನ್ನೋ ಪದಕ್ಕೆ ಅನುವಾದವೇ ಬೇಕಾಗಲಿಲ್ಲ! ಕೇದಗೆ ಬನದ ಜೊತೆ ನಮಗೆ ಘಮವೂ ನೆನಪಾಗುತ್ತೆ, ಹಾವೂ ನೆನಪಾಗುತ್ತೆ. ಖತೀಬರ ಪದ್ಯಗಳೂ ಹಾಗೇ. ನಗ್ತಾ ನಗ್ತಾ ಒಳಗೆ ಹೋದರೆ ಎಲ್ಲೋ ಒಂದು ಕಡೆ ಕಚ್ಚುತ್ತೆ.

ಅವರ ಹೆಸರಾದ ಪದ್ಯಗಳ ತಲೆಬರಹ ನೋಡಿ: 'ಸಾಸ್ ಬಹೂ', 'ಛೋರಾ ಛೋರಿ', 'ಪಹಲೀ ತಾರೀಖ್'. ಅತ್ತೆ ಸೊಸೆ, ಹುಡುಗ ಹುಡುಗಿ, ತಿಂಗಳ ಮೊದಲನೇ ತಾರೀಕು. ಚಂದ್ರ, ನಕ್ಷತ್ರ, ಮದಿರೆ, ಮಧುಬಾಲೆ ಯಾವುದೂ ಇಲ್ಲ. ಇದು ಪಡಸಾಲೆ, ಅಡುಗೆಮನೆ, ಸಂಬಳದ ದಿನ. ಓದುವಾಗ ಕವಿತೆ ಅನ್ನೋದಕ್ಕಿಂತ ಸೀನ್ ಅನಿಸುತ್ತೆ. ಇಬ್ಬರು ಮಾತಾಡ್ತಿದ್ದಾರೆ, ಕವಿ ಗೋಡೆ ಪಕ್ಕ ನಿಂತು ಕೇಳಿಸಿಕೊಳ್ತಿದ್ದಾನೆ. 'ಛೋರಾ ಛೋರಿ'ಯಲ್ಲಿ ಗಂಡಿನ ಕಡೆಯವರ ಬೇಡಿಕೆ ಪಟ್ಟಿ ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗ್ತೀವಿ. ಹೆಣ್ಣು ಹೆತ್ತವರ ಮಾತು ಶುರುವಾದಾಗ ಆ ನಗು ಎಲ್ಲಿಡಬೇಕೋ ಗೊತ್ತಾಗಲ್ಲ. ವರದಕ್ಷಿಣೆ ಬಗ್ಗೆ ಕನ್ನಡದಲ್ಲಿ ಎಷ್ಟು ಭಾಷಣ ಆಗಿದೆ, ಎಷ್ಟು ಬೀದಿ ನಾಟಕ ಆಗಿದೆ! ಒಂದೇ ಒಂದು ಉಪದೇಶದ ಸಾಲು ಸೇರಿಸದೆ, ಬರೀ ಎರಡು ದನಿ ಎದುರುಬದುರು ಕೂರಿಸಿ ಈ ಮನುಷ್ಯ ಕೆಲಸ ಮುಗಿಸಿದ್ದಾರೆ. ಸ್ಕ್ರಿಪ್ಟ್ ಬರೆಯೋರಿಗೆ ಇದಕ್ಕಿಂತ ಒಳ್ಳೇ ಪಾಠ ಇದೆಯಾ?

ಈಗ ಆಕ್ಷೇಪಣೆಗಳಿಗೆ ಬರ್ತೀನಿ. ನಮ್ಮ ಬ್ಲಾಗಿಗರ ವಿಷಯ ಗೊತ್ತಲ್ಲ, ಕಾಮೆಂಟಿನಲ್ಲಿ ಬರೋದಕ್ಕಿಂತ ಮುಂಚೆ ನಾನೇ ಹೇಳಿಬಿಡೋದು ವಾಸಿ :-)

ಆಕ್ಷೇಪಣೆ ಒಂದು: "ಉರ್ದು ಹೊರಗಿನಿಂದ ಬಂದ ಭಾಷೆ, ಅದು ಹೇಗ್ರೀ ನಮ್ಮದು?"

ದಖನಿಯಲ್ಲಿ ಈಗ ಸಿಕ್ಕಿರುವ ಅತ್ಯಂತ ಹಳೆಯ ದೊಡ್ಡ ಕಾವ್ಯದ ಹೆಸರು 'ಕದಂ ರಾವ್ ಪದಂ ರಾವ್'. ಬರೆದವರು ಫಕ್ರುದ್ದೀನ್ ನಿಜಾಮಿ. ಕಾಲ 1422ರಿಂದ 1436ರ ನಡುವೆ ಆಳಿದ ಬಹಮನಿ ಸುಲ್ತಾನ ಅಹ್ಮದ್ ಶಾಹನ ಕಾಲ. ಜಾಗ? ಬೀದರ್. ಹೌದು ಸ್ವಾಮಿ, ನಮ್ಮ ಬೀದರ್. ಉರ್ದು ಸಾಹಿತ್ಯದ ಚರಿತ್ರೆ ಬರೆಯೋರು ಮೊದಲ ಅಧ್ಯಾಯ ಶುರು ಮಾಡೋದೇ ಇಲ್ಲಿಂದ. ಆಮೇಲೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಬರೆದ 'ಕಿತಾಬ್-ಎ-ನೌರಸ್' ಬಂತು. ಅದರಲ್ಲಿ ಸರಸ್ವತಿಯ ಸ್ತುತಿ ಇದೆ. ಬಿಜಾಪುರದಲ್ಲೇ ನುಸ್ರತಿ 1657ರಲ್ಲಿ 'ಗುಲ್ಶನ್-ಎ-ಇಶ್ಕ್' ಬರೆದ. ಇಷ್ಟೆಲ್ಲಾ ಆಗುವಾಗ ದೆಹಲಿಯ ಕವಿಗಳು ಹೆಚ್ಚಾಗಿ ಪಾರ್ಸಿಯಲ್ಲೇ ಬರೆಯುತ್ತಿದ್ದರು. ದಕ್ಷಿಣದ ಕವಿ ವಲಿಯ ದಿವಾನ್ 1720ರ ಸುಮಾರಿಗೆ ದೆಹಲಿ ತಲುಪಿದ ಮೇಲೆಯೇ, ಓಹೋ ಈ ಭಾಷೆಯಲ್ಲೂ ಕವಿತೆ ಬರೀಬಹುದು ಅಂತ ಅಲ್ಲಿ ಉತ್ಸಾಹ ಹುಟ್ಟಿದ್ದು.

ಅಂದರೆ ಬೀದರ್, ಗುಲ್ಬರ್ಗ, ಬಿಜಾಪುರದಿಂದ ಹೋದ ಮಾಲು ದೆಹಲಿ ಲಖನೌ ಸುತ್ತಿ, ಮುಂಬೈನಲ್ಲಿ ಪ್ಯಾಕಿಂಗ್ ಆಗಿ, ವಾಪಸ್ ನಮಗೇ ಬರ್ತಿದೆ. ನಾವು ಅದನ್ನ ಇಂಪೋರ್ಟೆಡ್ ಅಂತ ಮುತ್ತಿಡ್ತೀವಿ. ಮೂಲ ಅಂಗಡಿಯವನು ಎದುರಿಗೆ ಬಂದರೆ ಗುರುತೇ ಇಲ್ಲ!

ನೆಲದ ಲೆಕ್ಕವೂ ನೋಡಿ. ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲೂಕುಗಳು. ಅಫಜಲಪುರ ಜೇವರ್ಗಿ ಎರಡಕ್ಕೂ ಭೀಮಾ ನದಿಯ ನೀರು. ಆಳಂದದಲ್ಲಿ ಲಾಡ್ಲೆ ಮಶಾಯಿಕ್ ದರ್ಗಾ ಇದೆ, ಆ ಆವರಣದಲ್ಲೇ ರಾಘವ ಚೈತನ್ಯ ಲಿಂಗವೂ ಇದೆ. ಅಫಜಲಪುರ ತಾಲೂಕಿನಲ್ಲಿ ಗಾಣಗಾಪುರದ ದತ್ತ. ಜೇವರ್ಗಿ ಅಂದರೆ 'ಅಖಂಡೇಶ್ವರ' ಅಂಕಿತದ ವಚನಕಾರ ಷಣ್ಮುಖ ಶಿವಯೋಗಿಗಳ ಊರು. ಮೊಹರಂ ಬಂದರೆ ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೇ ಅಲಾವಿ ಕುಣೀತಾರೆ, ಕರ್ಬಲಾದ ಕಥೆಯನ್ನ ಕನ್ನಡದ ರಿವಾಯತ್ ಪದಗಳಲ್ಲಿ ಹಾಡ್ತಾರೆ. ಇಷ್ಟು ವರ್ಷ ಹೀಗೆ ಬೆರೆತಿದ್ದ ಆಳಂದ ಈಗ ಪೇಪರಿನಲ್ಲಿ ಬರೋದು ಯಾವುದಕ್ಕೆ? 2022ರ ಶಿವರಾತ್ರಿಯ ದಿನ ದರ್ಗಾ ಹತ್ತಿರ ಆದ ಗಲಾಟೆಗೆ. ಇಲ್ಲಾ 2025ರಲ್ಲಿ ಎದ್ದ ಮತದಾರರ ಪಟ್ಟಿಯ ವಿವಾದಕ್ಕೆ. ಇನ್ನೊಂದು ಬಗೆಯ ಸುದ್ದಿಯೂ ಆ ಊರಲ್ಲಿದೆ ಅಂತ ಹೇಳಬೇಕಾದವರು ಯಾರು?

ಆಕ್ಷೇಪಣೆ ಎರಡು: "ನಿಜಾಮನ ಕಾಲದಲ್ಲಿ ಉರ್ದು ನಮ್ಮ ತಲೆ ಮೇಲೆ ಕೂತಿತ್ತು, ಮರೆತುಬಿಡೋದಾ?"

ಮರೀಬೇಡಿ. ಇದು ಸುಳ್ಳಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿ, ಕೋರ್ಟು, ಕಾಲೇಜು ಎಲ್ಲಾ ಉರ್ದು. ಕನ್ನಡದ ಮಕ್ಕಳು ಕನ್ನಡ ಕಲಿಯೋಕೆ ಹೆಣಗಬೇಕಿತ್ತು. ರಜಾಕಾರರ ಹಾವಳಿಯ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. 1948ರ ಸೆಪ್ಟೆಂಬರ್ 17ಕ್ಕೆ ಅದು ಮುಗೀತು, 1956ರ ನವೆಂಬರ್ 1ಕ್ಕೆ ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು.

ಆದರೆ ಲೆಕ್ಕ ಹೇಳೋದಾದರೆ ಪೂರ್ತಿ ಹೇಳಬೇಕು. ಪೊಲೀಸ್ ಕಾರ್ಯಾಚರಣೆ ಆದಮೇಲೆ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನ ನೋಡಿ ಬರೋಕೆ ಕೇಂದ್ರ ಸರ್ಕಾರ ಪಂಡಿತ ಸುಂದರಲಾಲ್ ಸಮಿತಿಯನ್ನ ಕಳಿಸಿತ್ತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಅಂತ ಅದು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಆ ವರದಿ ದಶಕಗಟ್ಟಲೆ ಜನರ ಕೈಗೇ ಸಿಗಲಿಲ್ಲ. ಆಗ ಖತೀಬರಿಗೆ ಇಪ್ಪತ್ತಾರು ವರ್ಷ. ಹುಟ್ಟಿದ ಜಿಲ್ಲೆ, ಬದುಕಿದ ಜಿಲ್ಲೆ ಎರಡೂ ಆ ಪಟ್ಟಿಯಲ್ಲಿವೆ.

ಆ ತಲೆಮಾರಿನವರು ಏನೇನಾದರು ನೋಡಿ. ಗುಲ್ಬರ್ಗದ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಇಬ್ರಾಹಿಂ ಜಲೀಸ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ದೊಡ್ಡ ಬರಹಗಾರರಾದರು. ತಮ್ಮ ಮುಜ್ತಬಾ ಹುಸೇನ್ ಹೈದರಾಬಾದಿಗೆ ಹೋಗಿ ಉರ್ದುವಿನ ದೊಡ್ಡ ಹಾಸ್ಯ ಲೇಖಕರಾದರು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪೌರತ್ವ ಕಾಯ್ದೆ ವಿರೋಧಿಸಿ 2019ರ ಡಿಸೆಂಬರಿನಲ್ಲಿ ಅದನ್ನ ವಾಪಸ್ ಕೊಡ್ತೀನಿ ಅಂದರು. 2020ರಲ್ಲಿ ತೀರಿಕೊಂಡರು. ಖತೀಬರು ಎಲ್ಲೂ ಹೋಗಲಿಲ್ಲ. ಗುಲ್ಬರ್ಗದಲ್ಲೇ ಇದ್ದರು. 'ಗರಂ ಹವಾ'ದ ನಾಯಕನ ಮುಂದಿದ್ದ ಪ್ರಶ್ನೆಗೆ ಇವರ ಉತ್ತರ ಆಗಲೇ ಸಿಕ್ಕಿಯಾಗಿತ್ತು. ಆ ಉತ್ತರವನ್ನ ಪರದೆ ಮೇಲೆ ನೋಡಿ ಕಣ್ಣೀರು ಹಾಕುವ ನಾವು, ಅದನ್ನ ಬದುಕಿ ತೋರಿಸಿದವರ ಹೆಸರು ಕೇಳಿದರೆ "ಯಾರವರು?" ಅಂತೀವಿ.

ಇನ್ನೊಂದು ವಿಷಯ. ನಿಜಾಮನ ದರ್ಬಾರಿನ ಉರ್ದು ಬೇರೆ, ಸಂತೆಯ ದಖನಿ ಬೇರೆ. ದರ್ಬಾರಿನ ಉರ್ದುವಿಗೆ ದಖನಿ ಅಂದರೆ ಹಳ್ಳಿ ಗಮಾರರ ಮಾತು. ಫರ್ಮಾನು ಹೊರಡಿಸಿದ ಭಾಷೆಯ ಸಿಟ್ಟನ್ನ ಬಾಳೆಹಣ್ಣು ಮಾರೋರ ಭಾಷೆಯ ಮೇಲೆ ತೀರಿಸಿಕೊಳ್ಳೋದು ಯಾವ ನ್ಯಾಯ?

ಆಕ್ಷೇಪಣೆ ಮೂರು: "ಮೊದಲು ಅವರು ಕನ್ನಡ ಕಲೀಲಿ, ಆಮೇಲೆ ನೋಡೋಣ."

ಇದು ಬೆಂಗಳೂರಿನ ವಾದ. 1994ರ ಅಕ್ಟೋಬರಿನಲ್ಲಿ ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು ಅಂತ ಬೆಂಗಳೂರಲ್ಲಿ ಗಲಭೆ ಎದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ನಿಮಿಷದ ವಾರ್ತೆಗೆ! ಸಂಜೆಯ ಹೊತ್ತಲ್ಲಿ ಕನ್ನಡಕ್ಕೆ ಸಿಗಬೇಕಾದ ಸಮಯದ ಪ್ರಶ್ನೆ ಖಂಡಿತ ಕೇಳಬಹುದಿತ್ತು, ಕೇಳಬೇಕಿತ್ತು ಕೂಡ. ಆದರೆ ಅದಕ್ಕೆ ಹೆಣ ಬೀಳಬೇಕಿತ್ತಾ? ಅವತ್ತು ಸಿಟ್ಟಾದವರಲ್ಲಿ ಎಷ್ಟು ಜನ ಮನೆಗೆ ಹೋಗಿ ಹಿಂದಿ ಸಿನಿಮಾದ ಉರ್ದು ಹಾಡು ಗುನುಗಿರಬಹುದು ಅಂತ ನನಗೆ ಆಗಾಗ ಯೋಚನೆ ಬರುತ್ತೆ.

ಆಳಂದ ಅಫಜಲಪುರದ ಕಡೆ ಬಂದು ನೋಡಿ. ಅಲ್ಲಿ ಮುಸಲ್ಮಾನ ರೈತ ತೊಗರಿ ರೇಟು ಕೇಳೋದು ಕನ್ನಡದಲ್ಲಿ. ಲಿಂಗಾಯತ ಅಂಗಡಿಯವನು ಬೈಯೋದು ದಖನಿಯಲ್ಲಿ :-) ಇವರ ಕನ್ನಡದಲ್ಲಿ ಅವರ ಪದ, ಅವರ ದಖನಿಯಲ್ಲಿ ಇವರ ವ್ಯಾಕರಣ. ಉಪ್ಪೇರಿಸಿ ಹೇಳ್ತಿಲ್ಲ, ಒಂದು ಉದಾಹರಣೆ ಕೊಡ್ತೀನಿ.

ಕನ್ನಡದಲ್ಲಿ ನಾವು "ಬರ್ತೀನಿ ಅಂತ ಹೇಳ್ದ" ಅಂತೀವಿ. ಮೊದಲು ಆಡಿದ ಮಾತು, ಆಮೇಲೆ 'ಅಂತ', ಕೊನೆಗೆ 'ಹೇಳ್ದ'. ಪುಸ್ತಕದ ಹಿಂದಿ ಉರ್ದುವಿನಲ್ಲಿ ಇದು ಉಲ್ಟಾ: "ಉಸ್‌ನೇ ಕಹಾ ಕಿ ಮೈಂ ಆವೂಂಗಾ". ಮೊದಲು 'ಹೇಳಿದ', ಆಮೇಲೆ 'ಕಿ', ಕೊನೆಗೆ ಮಾತು. ಈಗ ದಖನಿ ಕೇಳಿ: "ಆತೂಂ ಬೋಲ್‌ಕೆ ಬೋಲ್ಯಾ". ಪದ ಪದಕ್ಕೂ ಕನ್ನಡದ ಜೋಡಣೆ! 'ಅಂತ' ಇದ್ದ ಜಾಗದಲ್ಲಿ 'ಬೋಲ್‌ಕೆ' ಕೂತಿದೆ ಅಷ್ಟೇ. ಹಾಗೇ, ಹಿಂದಿ ಕಲಿಯುವಾಗ ನಮ್ಮನ್ನೆಲ್ಲ ಗೋಳುಹೊಯ್ದುಕೊಂಡ ಆ 'ನೇ' ಪ್ರತ್ಯಯ ನೆನಪಿದೆಯಾ? "ಮೈಂನೇ ಕಿಯಾ". ದಖನಿಯಲ್ಲಿ ಅದು ಇಲ್ಲವೇ ಇಲ್ಲ, "ಮೈಂ ಕಿಯಾ" ಅಂದರೆ ಮುಗೀತು, "ನಾ ಮಾಡ್ದೆ" ಅಂದ ಹಾಗೆ. ಬಹುವಚನಕ್ಕೆ 'ಬಾತಾಂ', 'ಲೋಗಾಂ'. ಬೇಡ ಅನ್ನೋಕೆ ಮರಾಠಿ ಕಡೆಯಿಂದ ಬಂದ 'ನಕ್ಕೋ'. ನಮ್ಮ ಫೀಲ್ಡಿನ ಮಾತಲ್ಲಿ ಹೇಳಬೇಕಂದ್ರೆ, ಸ್ಕ್ರೀನ್ ಮೇಲೆ ಕಾಣೋದು ಉರ್ದು, ಒಳಗೆ ಓಡ್ತಿರೋ ಕೋಡು ಮುಕ್ಕಾಲು ಪಾಲು ದಕ್ಷಿಣದ್ದು. ಕಲಬುರಗಿ ಕನ್ನಡ ಸುಮ್ಮನಿದೆಯಾ? ಆಸ್ಪತ್ರೆಗೆ ದವಾಖಾನಿ, ಬೇಗ ಅನ್ನೋಕೆ ಜಲ್ದಿ, ಪಕ್ಕಕ್ಕೆ ಬಾಜೂ, ಸುಸ್ತಾದರೆ ಹೈರಾಣ. ಅಷ್ಟೇ ಯಾಕೆ, ಬೆಂಗಳೂರಿನ ಪಕ್ಕಾ ಕನ್ನಡ ಹೋರಾಟಗಾರರು ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟು ದಾಖಲೆ ಕೇಳ್ತಾರಲ್ಲ, ಆ ವಾಕ್ಯದಲ್ಲಿ ಅಂತಹ ಪದ ಎಷ್ಟಿವೆ ಅಂತ ಎಣಿಸಿ ನೋಡಿ.

ಆಕ್ಷೇಪಣೆ ನಾಲ್ಕು: "ಅದೆಲ್ಲಾ ಸರಿ, ಆದ್ರೆ ಅದು ಬರೀ ಕಾಮಿಡಿ ಅಲ್ವಾ? ಸಾಹಿತ್ಯ ಅಂತ ಹೇಗೆ ಅನ್ನೋದು?"

ನನಗೆ ಅತಿ ಹೆಚ್ಚು ಸಿಟ್ಟು ಬರಿಸೋದು ಇದೇ. ಜಿ.ಪಿ. ರಾಜರತ್ನಂ ಕುಡುಕನ ಬಾಯಿಂದ ಹಳೇ ಮೈಸೂರಿನ ಆಡುಮಾತಲ್ಲಿ ಹಾಡಿಸಿದ 'ರತ್ನನ ಪದಗಳು' ಸಾಹಿತ್ಯ. ಕೈಲಾಸಂ ಇಂಗ್ಲಿಷು ಕನ್ನಡ ಕಲಸಿ ಬರೆದ ನಾಟಕ ಸಾಹಿತ್ಯ. ಎರಡೂ ನಿಜವಾಗಲೂ ದೊಡ್ಡ ಸಾಹಿತ್ಯವೇ, ಎದೆ ತಟ್ಟಿ ಹೇಳೋಣ. ಅದೇ ಕೆಲಸವನ್ನ ಗುಲ್ಬರ್ಗದಲ್ಲಿ ದಖನಿಯಲ್ಲಿ ಮಾಡಿದರೆ ಮಾತ್ರ ಕಾಮಿಡಿನಾ?

ಈ ಕಾಮಿಡಿ ಪಟ್ಟ ಕಟ್ಟಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. ಹಿಂದಿ ಸಿನಿಮಾದಲ್ಲಿ ಹೈದರಾಬಾದಿ ಮಾತು ಬಂತು ಅಂದರೆ ಈಗ ಜೋಕು ಬರುತ್ತೆ ಅಂತ ಅರ್ಥ. ಮೆಹಮೂದ್ ಕಾಲದಿಂದಲೂ ಹೀಗೇ. ಕನ್ನಡ ಸಿನಿಮಾದಲ್ಲಿ ಸಾಬರ ಪಾತ್ರ ಬಂದರೆ "ನಿಮ್ದು ಏನ್ ಬೇಕು, ನಮ್ದು ಹೀಂಗೆ ಐತೆ" ಅಂತ ಮಾತಾಡಲೇಬೇಕು, ಕಾನೂನು ಮಾಡಿದ ಹಾಗೆ. ಮತ್ತೆ ಅದೇ ಕನ್ನಡ ಸಿನಿಮಾದಲ್ಲಿ ಕಲಬುರಗಿ ಕನ್ನಡ ಮಾತಾಡೋ ಪಾತ್ರ ಬಂದರೆ? ಅದೂ ಜೋಕೇ! ಗೀತಾ ನಾಗಭೂಷಣರು ಇದೇ ಮಾತಿನ ಬನಿಯಲ್ಲಿ 'ಬದುಕು' ಬರೆದು 2004ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದರೂ ಗಾಂಧಿನಗರಕ್ಕೆ ಸುದ್ದಿ ಮುಟ್ಟಿದ ಹಾಗೆ ಕಾಣೆ. ಬೆಂಗಳೂರಿನ ಆಫೀಸ್ ಕ್ಯಾಂಟೀನುಗಳಲ್ಲಿ "ನಿಮ್ ಕನ್ನಡ ಮಸ್ತ್ ಕಾಮಿಡಿ ಇದೆ ಬಾಸ್" ಅನ್ನಿಸಿಕೊಳ್ಳದ ನಮ್ಮ ಕಡೆ ಹುಡುಗರು ಯಾರಾದರೂ ಇದ್ದರೆ ಕೈ ಎತ್ತಲಿ.

ಇದನ್ನೇ ನಾನು ಹೇಳೋಕೆ ಹೊರಟಿರೋದು. ಆಳಂದ, ಅಫಜಲಪುರ, ಜೇವರ್ಗಿಯ ಎರಡೂ ಮಾತುಗಳು, ಕನ್ನಡವೂ ದಖನಿಯೂ, ಪರದೆ ಮೇಲೆ ಒಂದೇ ಬೆಂಚಿನ ಮೇಲೆ ಕೂತಿವೆ. ದಖನಿಯನ್ನ ನೋಡಿ ನಗುವ ಕಲಬುರಗಿಯ ಕನ್ನಡಿಗ ತನ್ನನ್ನ ನೋಡಿ ನಗುವ ಬೆಂಗಳೂರಿನವನ ಕೆಲಸ ಸುಲಭ ಮಾಡಿಕೊಡ್ತಿದ್ದಾನೆ ಅಷ್ಟೇ. ಬೇರೆ ದಾರಿ ಇರಲಿಲ್ಲವಾ? ಇತ್ತು. 1974ರಲ್ಲಿ ಶ್ಯಾಮ್ ಬೆನಗಲ್ 'ಅಂಕುರ್' ಮಾಡಿದರು. ತೆಲಂಗಾಣದ ಹಳ್ಳಿಯ ಕಥೆ, ಪಾತ್ರಗಳು ಆಡೋದು ದಖನಿ. ಆ ಮಾತು ಕೇಳಿ ಯಾರಿಗೂ ನಗು ಬರಲಿಲ್ಲ. ಭಾಷೆಯಲ್ಲಿ ನಗು ಇರಲ್ಲ ಸ್ವಾಮಿ, ಅದನ್ನ ಯಾರ ಬಾಯಿಗೆ, ಯಾಕೆ ಕೊಡ್ತೀವಿ ಅನ್ನೋದರಲ್ಲಿ ಇರುತ್ತೆ. ಖತೀಬರು ನಗಿಸಿದರು ನಿಜ. ಅವರು ತಮ್ಮ ಜನರ ಜೊತೆ ಕೂತು ನಕ್ಕರು. ಸಿನಿಮಾದವರು ಅದೇ ಜನರ ಕಡೆ ಬೆರಳು ತೋರಿಸಿ ನಕ್ಕರು. ಎರಡೂ ಒಂದೇನಾ?

ಕೊನೆಯದಾಗಿ ನಮ್ಮ ಗಜಲ್ ಬಂಧುಗಳಿಗೆ ಒಂದು ಮಾತು. ಈಗ ಕನ್ನಡದಲ್ಲಿ ಗಜಲ್ ಭರ್ಜರಿಯಾಗಿ ನಡೀತಿದೆ. ಸಂತೋಷ. ಇದಕ್ಕೆ ದಾರಿ ಹಾಕಿದ ಹಿರಿಯರಲ್ಲಿ ಮೊದಲಿಗರು ರಾಯಚೂರಿನ ಶಾಂತರಸರು. 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಉರ್ದು ಬಲ್ಲ ಈ ನೆಲದ ಕನ್ನಡ ಕವಿ. ಅಂದರೆ ಕನ್ನಡಕ್ಕೆ ಗಜಲ್ ಬಂದಿದ್ದು ಮುಂಬೈ ದಾರಿಯಿಂದಲ್ಲ, ಮನ್ನಾ ಸಾಲು ತಪ್ಪಿಸಿ ಹೈದರಾಬಾದ್ ಕರ್ನಾಟಕದ ಹಿತ್ತಲ ಬಾಗಿಲಿಂದ. ಅದನ್ನ ಮರೆತು ರದೀಫ್ ಕಾಫಿಯಾ ಅಂತ ಪಾಠ ಮಾಡುವಾಗೆಲ್ಲ ಉದಾಹರಣೆಗೆ ದೆಹಲಿಗೇ ಓಡ್ತೀವಿ. ಒಂದೇ ಒಂದು ಸಲ ಗುಲ್ಬರ್ಗದಲ್ಲಿ ಇಳಿದು ನೋಡಿ. ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಬರೆದು ಈ ನೆಲದಲ್ಲಿ ಏನೇನಿದೆ ಅಂತ ತೋರಿಸಿಕೊಟ್ಟಿದ್ದಾರೆ. ಆ ದಾರಿಯಲ್ಲಿ ನಡೆಯೋರು ಹೆಚ್ಚಾಗಬೇಕು.

ಬರೀ ಬೈದು ಹೋದರೆ ಆಗಲ್ಲ, ಮಾಡೋಕೆ ಆಗೋ ಕೆಲಸವನ್ನೂ ಹೇಳ್ತೀನಿ.

ನಮಗೆಲ್ಲಾ ನೆನಪಿರಬೇಕು, ಅಥವಾ ನಮ್ಮ ಹಿರಿಯ ಬ್ಲಾಗಿಗರು ಹೇಳಿದ್ದನ್ನ ಕೇಳಿರಬೇಕು. ಒಂದು ಕಾಲದಲ್ಲಿ ಕನ್ನಡದ ಫೈಲನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಆ ಫಾಂಟು ಇದ್ದರೆ ಈ ಫಾಂಟು ಇಲ್ಲ. ಯುನಿಕೋಡ್ ಬಂದ ಮೇಲೆ ಯಾರ ಅಪ್ಪಣೆಗೂ ಕಾಯದೆ ನಮ್ಮ ಜನ ಸಂಜೆ ರಾತ್ರಿ ಕೂತು ಕುಟ್ಟಿ ಕುಟ್ಟಿ ಕನ್ನಡವನ್ನ ನೆಟ್ಟಿಗೆ ಹಾಕಿದರು. ಅದೇ ಕೆಲಸ ಇಲ್ಲೂ ಬೇಕು. ಖತೀಬರನ್ನ ಕನ್ನಡ ಲಿಪಿಗೆ ತರಬೇಕು.

ಇದನ್ನ ಮಷಿನ್ನಿಗೆ ಬಿಟ್ಟರೆ ಕೆಡುತ್ತೆ. ಯಾಕೆ ಅಂದರೆ ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನ ಸಾಮಾನ್ಯವಾಗಿ ಬರೆಯೋದಿಲ್ಲ, ಓದುಗ ತಾನೇ ತುಂಬಿಕೊಳ್ಳಬೇಕು. ಪುಸ್ತಕದ ಉರ್ದುವಿಗೆ ತರಬೇತಿ ಪಡೆದ ಸಾಫ್ಟ್‌ವೇರು ದಖನಿ ಪದವನ್ನ ತಿದ್ದಿ ದೆಹಲಿ ಪದ ಮಾಡಿಬಿಡುತ್ತೆ. ಕನ್ನಡ ಲಿಪಿಯಲ್ಲಿ ಪ್ರತಿ ಸ್ವರವನ್ನೂ ಬರೀಬೇಕು. ಅಂದರೆ ದಖನಿಯ ಉಚ್ಚಾರವನ್ನ ಬಾಯಲ್ಲಿ ಇದ್ದ ಹಾಗೇ ಹಿಡಿದಿಡೋಕೆ ಅದರ ಸ್ವಂತ ಲಿಪಿಗಿಂತ ಕನ್ನಡ ಲಿಪಿಯೇ ಹೆಚ್ಚು ಅನುಕೂಲ! ಆದರೆ ಅದಕ್ಕೆ ಕೇಳಿ ಗೊತ್ತಿರುವ ಕಿವಿ ಬೇಕು. ಮುಶಾಯಿರಾದಲ್ಲಿ ಖತೀಬರನ್ನೇ ಕೇಳಿದವರು, ಅವರ ಪದ್ಯ ಬಾಯಿಪಾಠ ಇರೋರು ಈಗ ಎಪ್ಪತ್ತು ಎಂಬತ್ತರ ಹತ್ತಿರ ಇದ್ದಾರೆ. ಜೇವರ್ಗಿಯಲ್ಲೋ ಆಳಂದದಲ್ಲೋ ನಿಮ್ಮ ಮನೆ ಪಕ್ಕದ ಚಾಚಾ ಅಂಥವರಲ್ಲಿ ಒಬ್ಬರಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಪದ ಗೊತ್ತಾಗದಿದ್ದರೆ ಅವರನ್ನೇ ಕೇಳಿ. ಖುಷಿಯಿಂದ ಹೇಳ್ತಾರೆ, ಚಹಾನೂ ಕುಡಿಸ್ತಾರೆ.

ಒಂದು ಎಚ್ಚರಿಕೆ. ಕವಿ ತೀರಿಕೊಂಡಿದ್ದು 1978ರಲ್ಲಿ, ನಮ್ಮ ಕಾನೂನಿನ ಪ್ರಕಾರ ಕಾಪಿರೈಟ್ 60 ವರ್ಷ. ಅಂದರೆ 2038ರ ಕೊನೆವರೆಗೂ ಇದೆ. ಹಾಗಾಗಿ ಪೂರ್ತಿ ಪದ್ಯ ಹಾಕುವ ಮುಂಚೆ ಹಕ್ಕಿದ್ದವರ ಅನುಮತಿ ಕೇಳಲೇಬೇಕು. ಕದ್ದು ಹಾಕಿ ಗೌರವ ಮಾಡಿದೆ ಅನ್ನಬೇಡಿ. ಪದ್ಯದ ಬಗ್ಗೆ ಬರೆಯೋಕೆ, ಪದಗಳ ಪಟ್ಟಿ ಮಾಡೋಕೆ, ನೆನಪು ದಾಖಲು ಮಾಡೋಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ದೊಡ್ಡವರಿಗೆ ಒಂದು ಅರ್ಜಿ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರೋದೇ ಆಳಂದ ತಾಲೂಕಿನ ಕಡಗಂಚಿಯಲ್ಲಿ. ದಖನಿ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ? ಕನ್ನಡ ಪಠ್ಯಪುಸ್ತಕ ಮಾಡೋರು 'ರತ್ನನ ಪದಗಳ' ಪಕ್ಕದಲ್ಲಿ ಒಂದು ದಖನಿ ಪದ್ಯವನ್ನ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿ, ಕೆಳಗೆ ಅರ್ಥ ಕೊಡಲಿ. ಕಲಬುರಗಿಯ ಮಕ್ಕಳಿಗೆ ಅರ್ಥವೇ ಬೇಕಾಗಲ್ಲ. ಬೆಂಗಳೂರಿನ ಮಕ್ಕಳು ಅವರನ್ನ ಕೇಳಿ ಕಲೀತಾರೆ. ಒಮ್ಮೆಯಾದರೂ ಆ ಕಡೆಯಿಂದ ಈ ಕಡೆಗೆ ಪಾಠ ಬರಲಿ ಬಿಡಿ.

ಕೈಫಿಯವರ ಜನ್ಮದಿನಕ್ಕೆ, ಗುಲ್ಜಾರರ ಜನ್ಮದಿನಕ್ಕೆ ನಮ್ಮ ಬ್ಲಾಗುಗಳಲ್ಲಿ ಪೋಸ್ಟು ಬರಲಿ, ನಾನೂ ಓದ್ತೀನಿ. ಜೊತೆಗೆ 'ಕೇವಡೇ ಕಾ ಬನ್' ಬಗ್ಗೆಯೂ ಬರಲಿ. ಮುಂಬೈಗೆ ಹೋಗಲಿಲ್ಲ ಅನ್ನೋದು ಒಬ್ಬ ಕವಿಯ ತಪ್ಪಲ್ಲ. ಅವನು ಇಲ್ಲೇ ಉಳಿದಿದ್ದು ನಮ್ಮ ಪುಣ್ಯ.

ನಿಮಗೆ ಖತೀಬರ ಪದ್ಯ ಗೊತ್ತಿದ್ದರೆ, ಅವರನ್ನ ಕೇಳಿದವರು ಗೊತ್ತಿದ್ದರೆ, ಇಲ್ಲಾ ನಾನು ಹೇಳಿದ್ದರಲ್ಲಿ ನಿಮಗೆ ತಕರಾರಿದ್ದರೆ ಕೆಳಗೆ ಬರೀರಿ. ಜಗಳಕ್ಕೂ ಸ್ವಾಗತ. ಕನ್ನಡದಲ್ಲಾದರೂ ಸರಿ, ದಖನಿಯಲ್ಲಾದರೂ ಸರಿ. ಲಿಪಿ ಮಾತ್ರ ಕನ್ನಡದ್ದೇ ಇರಲಿ :-)